ಪಲ್ಲಕ್ಕಿ ಹಗುರ ಇರಬೇಕು

ನಾನು ಆ ಓದಿನ ಕೂಟಕ್ಕೆ ಸೇರಿದ್ದು ಜಪಾನೀ ಭಾಷೆ ಸುಧಾರಿಸಿಕೊಳ್ಳೋಣ ಅಂತ. ಇತಿಹಾಸದ ಹುಚ್ಚು ಖಂಡಿತ ಇರಲಿಲ್ಲ. ಯೊಕೊಹಾಮಾಕ್ಕೆ ಬಂದು ಎರಡು ವರ್ಷ ಆಗಿತ್ತು. ಮಗನಿಗೆ ಒಂದೂವರೆ ವರ್ಷ. ಗಂಡ ಬೆಳಿಗ್ಗೆ ಹೋದರೆ ಬರುವುದು ರಾತ್ರಿ. ಇಡೀ ದಿನ ಮಾತಾಡಲು ಸಿಗುತ್ತಿದ್ದವರು ಮಗು ಮತ್ತು ಅಂಗಡಿಯ ಕ್ಯಾಷಿಯರ್, ಅಷ್ಟೆ. ಮನೆ ಹತ್ತಿರದ ಸಮುದಾಯ ಭವನದ ಬೋರ್ಡಿನಲ್ಲಿ ಒಂದು ಚೀಟಿ ಅಂಟಿಸಿದ್ದರು: ಹಳೆಯ ಬರಹ ಓದುವ ಕೂಟ, ಗುರುವಾರ ಬೆಳಿಗ್ಗೆ, ಮಕ್ಕಳನ್ನು ಕರೆತರಬಹುದು. ಆ ಕೊನೆಯ ಮಾತು ನೋಡಿ ಹೋದೆ.

ಒಳಗೆ ಎಂಟು ಜನ. ಎಲ್ಲರೂ ನಿವೃತ್ತರು. ಪಾಠ ಹೇಳುವವರು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ಬಿಟ್ಟವರು, ನಾವೆಲ್ಲ ಅವರನ್ನು ಸೆನ್ಸೇ ಅನ್ನುತ್ತೇವೆ. ಓದುತ್ತಿದ್ದದ್ದು ಅಜುಮಾ ಕಾಗಾಮಿ. ಅಜುಮಾ ಅಂದರೆ ಪೂರ್ವ ಸೀಮೆ, ಕಾಗಾಮಿ ಅಂದರೆ ಕನ್ನಡಿ. 1180ರಿಂದ 1266ರವರೆಗೆ, ಸಮುರಾಯಿಗಳ ಆಡಳಿತ ಕೂತಿದ್ದ ಕಾಮಾಕುರ ಊರಿನಲ್ಲಿ, ಏನೇನಾಯಿತು ಎಂದು ದಿನಚರಿಯ ಧಾಟಿಯಲ್ಲಿ ಬರೆದಿಟ್ಟ ಇತಿಹಾಸ ಅದು. ಇಂಥ ದಿನ ಮಳೆ, ಇಂಥ ದಿನ ಬಿಲ್ಲುಗಾರಿಕೆ, ಇಂಥ ದಿನ ಇಂಥವನ ತಲೆ ತೆಗೆದರು, ಹೀಗೆ. ನಾನು ಹೋದಾಗ ಕೂಟ ಶುರುವಾಗಿ ಹನ್ನೊಂದು ವರ್ಷ ಆಗಿತ್ತಂತೆ. ಆಗ ತಾನೇ 1219ಕ್ಕೆ ಬಂದಿದ್ದರು.

ಮೊದಲ ದಿನದ ಪುಟ ನನಗೆ ಇವತ್ತಿಗೂ ಬಾಯಿಪಾಠ. 1219ರ ಏಳನೇ ತಿಂಗಳ 19. ಕ್ಯೋಟೊದಿಂದ ಹೊರಟ ಒಂದು ಮೆರವಣಿಗೆ ಕಾಮಾಕುರ ತಲುಪಿದೆ. ಯಾರು ಮುಂದೆ, ಯಾರು ಹಿಂದೆ ಎಂದು ಸಾಲು ಸಾಲು ಹೆಸರು. ಕುದುರೆ ಸವಾರರು, ಹೆಂಗಸರು, ವೈದ್ಯ, ಜೋಯಿಸ, ಮಂತ್ರ ಹೇಳಲು ಒಬ್ಬ ಭಿಕ್ಷು. ನಡುವೆ ಒಂದು ಪಲ್ಲಕ್ಕಿ. ಪಲ್ಲಕ್ಕಿಯಲ್ಲಿ ಒಂದು ಮಗು. ದಾರಿಯಲ್ಲಿ ಮೂರು ವಾರಕ್ಕೂ ಜಾಸ್ತಿ ಕಳೆದಿತ್ತು. ಶಿಂಕಾನ್ಸೆನ್‌ನಲ್ಲಿ ಎರಡು ಗಂಟೆಯ ದಾರಿಗೆ ನನ್ನ ಮಗ ಇಡೀ ಬೋಗಿಯನ್ನೇ ಗೋಳು ಹೊಯ್ದುಕೊಂಡಿದ್ದ. ಇದು ಬೇಸಿಗೆಯ ಬಿಸಿಲಲ್ಲಿ ಮೂರು ವಾರ.

ಸೆನ್ಸೇ ನನ್ನ ತೊಡೆ ಮೇಲೆ ನಿದ್ದೆ ಹೋಗಿದ್ದ ಮಗನನ್ನು ನೋಡಿ, "ಎಷ್ಟು ತಿಂಗಳು?" ಅಂದರು. ಹದಿನೆಂಟು ಅಂದೆ. ಅವರು ಪುಟದ ಮೇಲೆ ಬೆರಳಿಟ್ಟರು. "ಇವನಿಗೂ ಅಷ್ಟೇ."

ಎಂಟು ಜನವೂ ಒಮ್ಮೆ ಪುಟ ನೋಡಿದರು, ಒಮ್ಮೆ ನನ್ನ ಮಗನನ್ನು ನೋಡಿದರು. ಅವತ್ತು ಸಿಕ್ಕಿಬಿದ್ದೆ ನಾನು. ಆಮೇಲೆ ಏಳು ವರ್ಷ ಆ ಮಗುವಿನ ಹಿಂದೆ ಹೋದೆ.

ಮಗುವಿನ ಹೆಸರು ಮಿತೋರಾ, ಅಂದರೆ ಮೂರು ಹುಲಿ. 1218ರ ಮೊದಲ ತಿಂಗಳಲ್ಲಿ ಹುಟ್ಟಿದವನು. ಹುಟ್ಟಿದಾಗ ಪಂಚಾಂಗದ ಹುಲಿ ಮೂರು ಸಲ ಕೂಡಿ ಬಂದಿತ್ತು ಎಂದು ಆ ಹೆಸರು. ಕ್ಯೋಟೊದ ದೊಡ್ಡ ಮನೆತನ ಕುಜೋ ಅವರದು. ಅಪ್ಪ ಕುಜೋ ಮಿಚಿಯೆ. ಕ್ಯೋಟೊಗೆ ಹೋದವರು ಶರತ್ಕಾಲದಲ್ಲಿ ಕೆಂಪು ಮೇಪಲ್ ಎಲೆ ನೋಡಲು ತೋಫುಕುಜಿ ಮಠಕ್ಕೆ ಹೋಗುತ್ತಾರಲ್ಲ, ಅದನ್ನು ಕಟ್ಟಿಸಿದವನು.

ಮಗುವನ್ನು ಯಾಕೆ ಹೊತ್ತು ತಂದರು? ಆ ವರ್ಷದ ಮೊದಲ ತಿಂಗಳಲ್ಲಿ ಮೂರನೇ ಶೋಗನ್, ಅಂದರೆ ಸಮುರಾಯಿಗಳ ಒಡೆಯ, ಮಿನಾಮೊತೊ ಸಾನೆತೊಮೊನನ್ನು ಅವನ ಅಣ್ಣನ ಮಗನೇ ತ್ಸುರುಗಾಓಕಾ ಹಾಚಿಮಾನ್ ಗುಡಿಯಲ್ಲಿ ಕೊಂದುಬಿಟ್ಟ. ಸಾನೆತೊಮೊನಿಗೆ ಮಕ್ಕಳಿರಲಿಲ್ಲ. ನಿಜವಾದ ಅಧಿಕಾರ ಇದ್ದದ್ದು ಅವನ ತಾಯಿ ಹೋಜೋ ಮಾಸಾಕೊ ಮತ್ತು ಅವಳ ತಮ್ಮ ಯೋಶಿತೊಕಿಯ ಕೈಯಲ್ಲಿ. ಆದರೆ ಹೋಜೋ ಮನೆತನದವರು ತಾವೇ ಶೋಗನ್ ಆಗುವ ಹಾಗಿಲ್ಲ. ಅಂಥಾ ಕುಲ ಅಲ್ಲ. ಮೇಲೆ ಕೂರಿಸಲು ಒಬ್ಬ ದೊಡ್ಡ ಕುಲದವನು ಬೇಕು. ಮೊದಲು ಒಬ್ಬ ರಾಜಕುಮಾರನನ್ನೇ ಕೊಡಿ ಎಂದು ಕ್ಯೋಟೊಗೆ ಕೇಳಿದರು. ನಿವೃತ್ತ ಚಕ್ರವರ್ತಿ ಗೋತೋಬಾ ಒಪ್ಪಲಿಲ್ಲ. ಆಗ ಹುಡುಕಿ ತೆಗೆದದ್ದು ಈ ಮಗು. ಮೊದಲ ಶೋಗನ್ ಯೊರಿತೊಮೊನ ತಂಗಿಯ ಮರಿಮಗ ಅನ್ನುವಷ್ಟು ದೂರದ ನಂಟು. ಸಾಕಲ್ಲ, ಅಷ್ಟಾದರೂ ಇದೆಯಲ್ಲ.

ಮಗು ಬಂದ ದಿನವೇ ಒಂದು ಸಾಲು ಬರೆದಿದ್ದಾರೆ. ನನಗೆ ಈ ಬರಹ ಓದುವ ಬಗೆ ಗೊತ್ತಾದದ್ದು ಆ ಸಾಲಿನಿಂದ. ಅಕ್ಷರ ಎಲ್ಲ ಚೀನೀ, ಪದಗಳ ಕ್ರಮವೂ ಚೀನೀ. ಅದನ್ನು ಓದುವವರು ತಲೆಯಲ್ಲೇ ಕ್ರಮ ಬದಲಿಸಿ ಜಪಾನೀ ಮಾಡಿಕೊಳ್ಳಬೇಕು. ಪಕ್ಕದಲ್ಲಿ ಸಣ್ಣ ಸಣ್ಣ ಗುರುತು ಇರುತ್ತವೆ: ಇಲ್ಲಿಂದ ಹಿಂದೆ ಹೋಗು, ಒಂದು ಎರಡು ಅಂತ ಎಣಿಸಿ ಬಾ. ಕುಂಟೆಬಿಲ್ಲೆ ಆಡಿದ ಹಾಗೆ. ಆ ಸಾಲಿನಲ್ಲಿ ಮೊದಲು "ಕೇಳಿ ತೀರ್ಮಾನಿಸು" ಬರುತ್ತದೆ, ಆಮೇಲೆ "ಸರಿ ತಪ್ಪು", ಆಮೇಲೆ "ಪರದೆಯ ಒಳಗೆ". ಪಕ್ಕದಲ್ಲಿ ಕೂತ ಅಜ್ಜಿ ನಿಧಾನವಾಗಿ ಎಣಿಸುತ್ತಿದ್ದರು. ನನಗೆ ತಟ್ಟನೆ ಹೊಳೆಯಿತು: ಜಪಾನೀ ಕ್ರಮ ಅಂದರೆ ಕನ್ನಡದ ಕ್ರಮವೇ ಅಲ್ವಾ? ಕ್ರಿಯಾಪದ ಕೊನೆಗೆ. ಹಿಂದಿನಿಂದ ಮುಂದಕ್ಕೆ ಓದಿದರೆ ಕನ್ನಡ ತಾನಾಗೇ ಬರುತ್ತದೆ. "ಮಗು ಎಳೆಯದಾಗಿರುವ ತನಕ ಸನ್ಯಾಸಿನಿ ಅಮ್ಮನವರೇ ಪರದೆಯ ಒಳಗೆ ಕೂತು ಸರಿ ತಪ್ಪು ಕೇಳಿ ತೀರ್ಮಾನಿಸಬೇಕಂತೆ."

ಆ ಕೊನೆಯ "ಅಂತೆ" ನನ್ನ ಸೇರ್ಪಡೆ ಅಂದುಕೊಳ್ಳಬೇಡಿ. ಮೂಲದಲ್ಲೇ ಇದೆ. ಎರಡು ಅಕ್ಷರ, ಉನ್ನುನ್ ಎಂದು ಓದುತ್ತಾರೆ. ಈ ಗ್ರಂಥದ ಸಾಲುಗಳು ಮುಗಿಯುವುದೇ ಹೆಚ್ಚಾಗಿ ಹಾಗೆ. ಸೆನ್ಸೇಗೆ ಅದನ್ನು ಇವತ್ತಿನ ಜಪಾನೀಯಲ್ಲಿ ವಿವರಿಸಲು ಅರ್ಧ ನಿಮಿಷ ಬೇಕಾಯಿತು: ಯಾರೋ ಹೇಳಿದ್ದು, ಕೇಳಿ ಬಂದದ್ದು, ಬರೆದವನು ಅದಕ್ಕೆ ಹೊಣೆಯಲ್ಲ, ಇತ್ಯಾದಿ. ನನಗೆ ಎರಡೇ ಅಕ್ಷರ ಸಾಕಾಯಿತು. ಅಂತೆ.

ಸನ್ಯಾಸಿನಿ ಅಮ್ಮ ಅಂದರೆ ಮಾಸಾಕೊ. ಗಂಡ ಸತ್ತ ಮೇಲೆ ತಲೆ ಬೋಳಿಸಿಕೊಂಡವಳು. ಜನ ಅವಳನ್ನು ಕರೆದದ್ದು ಸನ್ಯಾಸಿನಿ ಶೋಗನ್ ಎಂದೇ. 1221ರಲ್ಲಿ ಗೋತೋಬಾ ಕಾಮಾಕುರದ ಮೇಲೆ ತಿರುಗಿ ಬಿದ್ದಾಗ, ಸೋಲಿಸಿ ಓಕಿ ದ್ವೀಪಕ್ಕೆ ಗಡೀಪಾರು ಮಾಡಿದ್ದು ಅವಳ ಕಾಲದಲ್ಲೇ. ಮಗುವಿಗೆ ಆಗ ಮೂರು ವರ್ಷ. ಅವನು ಆ ಯುದ್ಧದ ಪುಟಗಳಲ್ಲಿ ಇಲ್ಲವೇ ಇಲ್ಲ. 1225ರಲ್ಲಿ ಮಾಸಾಕೊ ತೀರಿಕೊಂಡಳು. ಅದೇ ವರ್ಷದ ಕೊನೆಗೆ ಹುಡುಗನಿಗೆ ದೊಡ್ಡವನಾದ ಶಾಸ್ತ್ರ ಮಾಡಿ ಯೊರಿತ್ಸುನೆ ಎಂದು ಹೆಸರಿಟ್ಟರು. 1226ರ ಮೊದಲ ತಿಂಗಳಲ್ಲಿ ಕ್ಯೋಟೊದಿಂದ ಶೋಗನ್ ಪದವಿ ಬಂತು. ಆಗಿನ ಲೆಕ್ಕದಲ್ಲಿ ಒಂಬತ್ತು ವರ್ಷ, ನಮ್ಮ ಲೆಕ್ಕದಲ್ಲಿ ಎಂಟು. ಹುಟ್ಟಿದ ಕೂಡಲೇ ಒಂದು ಎಂದು ಎಣಿಸುವವರು ಅವರು. ಮುಂದೆ ಆ ಕಾಲದವರಿಗೆ ನಾನು ಹೇಳುವ ವಯಸ್ಸೆಲ್ಲ ಅವರ ಲೆಕ್ಕವೇ.

ಇಲ್ಲಿಂದ ಮುಂದೆ ಓದು ಬೇಜಾರಾಗತೊಡಗಿತು, ನಿಜ ಹೇಳುತ್ತೇನೆ. ಗುರುವಾರದ ಮೇಲೆ ಗುರುವಾರ ಅದೇ ಅದೇ. ಹೊಸ ವರ್ಷಕ್ಕೆ ಸರದಾರರು ಶೋಗನ್‌ಗೆ ಊಟ ಹಾಕಿದರು. ಹಾಚಿಮಾನ್ ಗುಡಿಗೆ ಹೋದ. ಕಡಲ ದಂಡೆಗೆ ಹೋಗಿ ಕುದುರೆ ಮೇಲಿನ ಬಿಲ್ಲುಗಾರಿಕೆ ನೋಡಿದ. ಚೆಂಡಾಟ. ಕವಿಗೋಷ್ಠಿ. ಇನ್ನೊಬ್ಬರ ಮನೆಗೆ ಹೋಗಿ ಒಂದು ರಾತ್ರಿ ಮಲಗಿ ಬಂದ. ಈ ಕೊನೆಯದು ಏನಿದು, ಪದೇ ಪದೇ ಯಾಕೆ ಹೋಗುತ್ತಾನೆ ಎಂದು ಕೇಳಿದೆ. ಹೋಗಬೇಕಾದ ದಿಕ್ಕು ಅವತ್ತು ಕೆಟ್ಟದ್ದಾದರೆ ಹಿಂದಿನ ರಾತ್ರಿ ಬೇರೆ ಕಡೆ ತಂಗಿ ಅಲ್ಲಿಂದ ಹೊರಡುವುದಂತೆ. ನಮ್ಮಜ್ಜಿ ನೆನಪಾದಳು. ಪ್ರಯಾಣದ ದಿನ ಸರಿಯಿಲ್ಲದಿದ್ದರೆ ಹಿಂದಿನ ದಿನವೇ ಬಟ್ಟೆ ಚೀಲ ತೆಗೆದುಕೊಂಡು ಹೋಗಿ ಪಕ್ಕದ ಮನೆ ಜಗುಲಿಯಲ್ಲಿ ಇಟ್ಟು ಬರುತ್ತಿದ್ದಳು, ಪ್ರಸ್ಥಾನ ಅಂತ. ಕೂಟದಲ್ಲಿ ಹೇಳಿದೆ. ಅವತ್ತಿನ ಅರ್ಧ ಗಂಟೆ ಅಜ್ಜಿಯ ಚೀಲದ ಮೇಲೇ ಹೋಯಿತು.

ಇನ್ನೊಂದು ಮಾತು ಬರುತ್ತಿತ್ತು: ಗೋಫುರೇ. ಅಕ್ಷರ ಬಿಡಿಸಿದರೆ "ಎಂದಿನಂತಲ್ಲ". ಶೋಗನ್ ಗೋಫುರೇ, ಶೋಗನ್ ಗೋಫುರೇ, ಮತ್ತೆ ಮತ್ತೆ. ನಾನು ಇದನ್ನು "ಶೋಗನ್ ಪದ್ಧತಿ ಮುರಿದ" ಎಂದು ಓದಿಕೊಂಡೆ. ಹುಡುಗ ಸ್ವಲ್ಪ ತುಂಟ, ಹೇಳಿದ ಮಾತು ಕೇಳುವುದಿಲ್ಲ, ಅದಕ್ಕೇ ಪಾಪ ಜೋಯಿಸರನ್ನು ಕರೆಸಿ ಶಾಂತಿ ಮಾಡಿಸುತ್ತಾರೆ ಎಂದು ನನ್ನ ಮನಸ್ಸಿನಲ್ಲಿ ಒಂದು ದೊಡ್ಡ ಕಥೆಯೇ ಬೆಳೆದಿತ್ತು. ಎರಡು ತಿಂಗಳು ಹಾಗೇ ಓದಿದ್ದೇನೆ. ಒಂದು ದಿನ ನನ್ನ ಸರದಿ ಬಂದಾಗ ಹಾಗೆಂದು ಅರ್ಥ ಹೇಳಿಯೂಬಿಟ್ಟೆ. ಯಾರೂ ನಗಲಿಲ್ಲ, ಇಲ್ಲಿ ಎದುರಿಗೆ ನಗುವುದಿಲ್ಲ. ಸೆನ್ಸೇ ಕೆಮ್ಮಿದರು. ಗೋಫುರೇ ಅಂದರೆ ದೊಡ್ಡವರಿಗೆ ಮೈ ಹುಷಾರಿಲ್ಲ ಎಂದು. ರಾಜನಂಥವನಿಗೆ ಕಾಯಿಲೆ ಬಂತು ಎಂದು ಬರೆಯುವ ಹಾಗಿಲ್ಲ, ಎಂದಿನಂತಿಲ್ಲ ಎನ್ನಬೇಕು.

ಮನೆಗೆ ಬಂದು ಹಳೆಯ ನೋಟು ಪುಸ್ತಕ ತೆಗೆದು ಎಲ್ಲವನ್ನೂ ತಿದ್ದಿದೆ. ತುಂಟ ಹುಡುಗ ಹೋದ. ಅವನ ಜಾಗದಲ್ಲಿ ಜ್ವರ ಬಂದ ಮಗು ಕೂತಿತು. ಅದರ ಸುತ್ತ ಗಾಬರಿಯಿಂದ ಓಡಾಡುವ ದೊಡ್ಡವರು. ಅವರಿಗೆ ಮಗು ಬದುಕಬೇಕಾಗಿತ್ತು, ಅಷ್ಟೇ. ಬೇರೆ ಯಾವ ಕೆಲಸವೂ ಅದಕ್ಕೆ ಇರಲಿಲ್ಲ. 1232ರಲ್ಲಿ 51 ವಿಧಿಗಳ ಕಾನೂನು ಬಂತು, ಜಪಾನಿನ ಸಮುರಾಯಿಗಳ ಮೊದಲ ಕಾನೂನು ಪುಸ್ತಕ. ಅದನ್ನು ಮಾಡಿದವನು ರೀಜೆಂಟ್, ಅಂದರೆ ಶೋಗನ್ ಹೆಸರಲ್ಲಿ ಆಡಳಿತ ನಡೆಸುವವನು, ಹೋಜೋ ಯಾಸುತೊಕಿ. ಶೋಗನ್‌ಗೆ ಆಗ 15.

ಮದುವೆಯ ಪುಟ ಬಂದಾಗ ಕೂಟದಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. 1230. ವರನಿಗೆ 13, ವಧುವಿಗೆ 28. ಅವಳು ತಾಕೆ ನೊ ಗೋಶೊ, ಎರಡನೇ ಶೋಗನ್ನನ ಮಗಳು. ಯೊರಿತೊಮೊನ ರಕ್ತ ಉಳಿದಿದ್ದ ಕೊನೆಯವರಲ್ಲಿ ಅವಳೊಬ್ಬಳು. ಆ ರಕ್ತಕ್ಕೆ ಈ ಪದವಿಯನ್ನು ಹೊಲಿದು ಜೋಡಿಸಿದರು. ನಾಲ್ಕು ವರ್ಷದ ಮೇಲೆ ಅವಳು ಹೆರಿಗೆಯಲ್ಲಿ ತೀರಿಹೋದಳು, ಹುಟ್ಟಿದ ಮಗುವೂ ಬದುಕಲಿಲ್ಲ. ಯೊರಿತೊಮೊನ ವಂಶ ಅಲ್ಲಿಗೆ ಮುಗಿಯಿತು. ಗಂಡನಿಗೆ 17 ವರ್ಷ. ಅವನಿಗೆ ಏನನ್ನಿಸಿತು ಎಂದು ಆ ಕನ್ನಡಿಯಲ್ಲಿ ಕಾಣುವುದಿಲ್ಲ.

ಆದರೆ ಅಲ್ಲಿಂದ ಮುಂದೆ ಅವನು ಏನೋ ಮಾಡತೊಡಗುತ್ತಾನೆ. ಅದೇ ನನಗೆ ಇಷ್ಟವಾದ ಭಾಗ. 1235ರಲ್ಲಿ ಕಾಮಾಕುರದ ಈಶಾನ್ಯಕ್ಕೆ, ಕೆಟ್ಟದ್ದು ಒಳಗೆ ಬರುವ ದಿಕ್ಕು ಎಂದು ಅವರು ನಂಬುವ ಕಡೆ, ಮ್ಯೋಓಇನ್ ಎಂಬ ಗುಡಿ ಕಟ್ಟಿಸಿದ. ಹಳೆಯ ಕವಿತೆಗಳ ಸಂಕಲನ ಮಾನ್ಯೋಶೂವಿನ ಹಸ್ತಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ ಸರಿಯಾದ ಪಾಠ ಸಿದ್ಧ ಮಾಡಿ ಎಂದು ಹೇಳಿದವನೂ ಅವನೇ. ಆ ಕೆಲಸ ಕೈಗೆತ್ತಿಕೊಂಡ ಸೆಂಗಾಕು ಎಂಬ ಭಿಕ್ಷು ಅಲ್ಲಿಯವರೆಗೆ ಯಾರಿಗೂ ಓದಲು ಬಾರದ 152 ಕವಿತೆಗಳಿಗೆ ಓದು ಕೊಟ್ಟ. ಇವತ್ತು ಜಪಾನಿನ ಶಾಲೆಯ ಮಕ್ಕಳು ಆ ಕವಿತೆಗಳನ್ನು ಓದುತ್ತಾರೆ ಅಂದರೆ ಅದರ ಹಿಂದೆ ಈ ಉತ್ಸವಮೂರ್ತಿಯ ಒಂದು ಮಾತಿದೆ.

ಉತ್ಸವಮೂರ್ತಿ ಅಂದೆ. ಕೂಟದಲ್ಲಿ ಅವರು ಬಳಸುವ ಮಾತು ಓಕಾಜಾರಿ, ಅಂದರೆ ಅಲಂಕಾರದ ವಸ್ತು. ನಮ್ಮಲ್ಲಿ ಹೇಗೆ ಹೇಳುತ್ತೀರಿ ಎಂದು ಒಬ್ಬರು ಕೇಳಿದರು. ಗರ್ಭಗುಡಿಯ ಒಳಗಿನ ಮೂರ್ತಿ ಅಲ್ಲಾಡುವುದಿಲ್ಲ, ಹೊರಗೆ ಮೆರವಣಿಗೆಗೆ ಬರುವುದು ಬೇರೆ, ಸಣ್ಣದು, ಹೊರಲು ಆಗುವಂಥದ್ದು ಎಂದು ವಿವರಿಸಿದೆ. ಹೆಸರಿಗೆ ಮಾತ್ರ ಯಜಮಾನನಾದವನಿಗೆ ಉತ್ಸವಮೂರ್ತಿ ಅನ್ನುತ್ತೇವೆ ಎಂದೆ. ಅವರಿಗೆ ಭಾರೀ ಖುಷಿ. ಏಕೆಂದರೆ ಅವರಲ್ಲೂ ಜಾತ್ರೆಗೆ ದೇವರನ್ನು ಹೊತ್ತು ತಿರುಗುವ ಮಿಕೋಶಿ ಇದೆ. ಈಗಿನ ರಾಜಕಾರಣಿಗಳ ಬಗ್ಗೆ ಒಂದು ಗಾದೆಯಂಥ ಮಾತೂ ಇದೆ: ಮಿಕೋಶಿ ಹಗುರ ಇದ್ದಷ್ಟೂ ಒಳ್ಳೆಯದು. ಹೊರುವವರಿಗೆ ಒಳ್ಳೆಯದು, ಅಂತ ಅರ್ಥ.

ಮಗು ಹಗುರ. ಸಮಸ್ಯೆ ಅಂದರೆ ಮಗು ಬೆಳೆಯುತ್ತದೆ.

1238ರಲ್ಲಿ ಯೊರಿತ್ಸುನೆ ಕ್ಯೋಟೊಗೆ ಹೋದ. ಒಂದೂವರೆ ವರ್ಷದವನಾಗಿದ್ದಾಗ ಬಿಟ್ಟ ಊರು. ಸುಮಾರು ಎಂಟು ತಿಂಗಳು ಅಲ್ಲೇ ಇದ್ದ. ಅಪ್ಪ ಮಿಚಿಯೆ ಅಷ್ಟರಲ್ಲಿ ಆಸ್ಥಾನದಲ್ಲಿ ದೊಡ್ಡ ಕುಳ, ಮಗ ಕಾಮಾಕುರದಲ್ಲಿ ಕೂತಿದ್ದಾನೆ ಎಂಬ ಬಲದಿಂದಲೇ. ಹತ್ತೊಂಬತ್ತು ವರ್ಷದ ಮೇಲೆ ಅಪ್ಪ ಅಮ್ಮನನ್ನು ಕಂಡ ಮಗ ಏನು ಮಾತಾಡಿರಬಹುದು? ನಾನು ಎರಡು ವರ್ಷಕ್ಕೊಮ್ಮೆ ಹಾಸನಕ್ಕೆ ಹೋದಾಗಲೇ ಅಮ್ಮನ ಜೊತೆ ಮೊದಲ ಅರ್ಧ ಗಂಟೆ ಮಾತು ಹೊರಡುವುದಿಲ್ಲ.

1242ರಲ್ಲಿ ಯಾಸುತೊಕಿ ಸತ್ತ. ನನ್ನ ಪ್ರಕಾರ ಎಲ್ಲ ಕೆಟ್ಟದ್ದು ಅಲ್ಲಿಂದ. ಯಾಸುತೊಕಿ ಶೋಗನ್‌ಗಿಂತ 35 ವರ್ಷ ದೊಡ್ಡವನು. ಅವನ ಮುಂದೆ ಯೊರಿತ್ಸುನೆ ಯಾವತ್ತೂ ಹುಡುಗನೇ. ಆದರೆ ಹೊಸ ರೀಜೆಂಟ್ ಯಾಸುತೊಕಿಯ ಮೊಮ್ಮಗ ತ್ಸುನೆತೊಕಿ, ವಯಸ್ಸು 19. ಶೋಗನ್‌ಗೆ 25. ಈಗ ಬೊಂಬೆ ದೊಡ್ಡದು, ಆಡಿಸುವವನು ಚಿಕ್ಕವನು. ಇಪ್ಪತ್ತು ವರ್ಷ ಪಕ್ಕದಲ್ಲಿ ಕಾವಲು ಕೂತ ಸರದಾರರು, ಜೊತೆಗೆ ಚೆಂಡಾಡಿದವರು, ಕವಿತೆ ಕಟ್ಟಿದವರು, ಇವರಿಗೆಲ್ಲ ಅವನೇ ಒಡೆಯ. ನಿಜವಾದ ಒಡೆಯ. ಅಲಂಕಾರದ ವಸ್ತುವಿಗೆ ಅಂಥಾ ಬಳಗ ಇರಬಾರದು.

1244ರ ನಾಲ್ಕನೇ ತಿಂಗಳಲ್ಲಿ ಅವನನ್ನು ಇಳಿಸಿ, ಆರು ವರ್ಷದ ಮಗ ಯೊರಿತ್ಸುಗುವನ್ನು ಕೂರಿಸಿದರು. ಕಾರಣ ಏನೆಂದು ಬರೆದಿದ್ದಾರೆ ಗೊತ್ತಾ? ಆಕಾಶದಲ್ಲಿ ಅಪಶಕುನ ಕಂಡಿತಂತೆ, ಅದಕ್ಕೆ ಸ್ವತಃ ಅವನೇ ಇದ್ದಕ್ಕಿದ್ದಂತೆ ಬಿಟ್ಟುಕೊಡುವ ಮನಸ್ಸು ಮಾಡಿದನಂತೆ. ಸೆನ್ಸೇ ಇದನ್ನು ಓದಿ ಕನ್ನಡಕ ತೆಗೆದು ಒರೆಸಿದರು. "ಈ ಪುಸ್ತಕ ಬರೆಸಿದ್ದು ಯಾರ ಕಡೆಯವರು ಅನ್ನುವುದನ್ನು ಮರೆಯಬೇಡಿ." ಹೋಜೋ ಕಡೆಯವರು, ಮತ್ತೆ ಯಾರು.

ಇಳಿಸಿದ ಮೇಲೂ ಅವನು ಊರು ಬಿಡಲಿಲ್ಲ. ಮಾರನೇ ವರ್ಷ ತಲೆ ಬೋಳಿಸಿಕೊಂಡ, ಹಿರಿಯ ಒಡೆಯರು ಎಂಬ ಹೆಸರಿನಲ್ಲಿ ಅಲ್ಲೇ ಇದ್ದ. ಬಳಗವೂ ಇತ್ತು. 1246ರಲ್ಲಿ ತ್ಸುನೆತೊಕಿ ಸತ್ತು ಅವನ ತಮ್ಮ ತೊಕಿಯೊರಿ ರೀಜೆಂಟ್ ಆದ ಕೂಡಲೇ ಹೋಜೋ ಮನೆತನದ್ದೇ ಇನ್ನೊಂದು ಕವಲಿನವರು ಹಿರಿಯ ಒಡೆಯನ ಹೆಸರಲ್ಲಿ ಬಂಡೇಳಲು ಹೊಂಚು ಹಾಕಿದರು. ಗುಟ್ಟು ಬಯಲಾಯಿತು. ಮುಂದಾಳು ನಾಗೊಎ ಮಿತ್ಸುತೊಕಿ ಜುಟ್ಟು ಕತ್ತರಿಸಿ ಕಳಿಸಿ ಶರಣಾದ, ಅವನನ್ನು ಇಜುಗೆ ಗಡೀಪಾರು ಮಾಡಿದರು. ಏಳನೇ ತಿಂಗಳಲ್ಲಿ ಯೊರಿತ್ಸುನೆಯನ್ನು ಕ್ಯೋಟೊಗೆ ಕಳಿಸಿಬಿಟ್ಟರು. ಅದೇ ವರ್ಷ ಸೆಂಗಾಕುವಿನ ಮಾನ್ಯೋಶೂ ಪಾಠ ಸಿದ್ಧವಾಯಿತು. ಬೇಕು ಅಂದವನು ಊರಲ್ಲಿ ಇಲ್ಲ.

ಕೂಟ ಈ ಪುಟಗಳಿಗೆ ಬರುವ ಸ್ವಲ್ಪ ಮುಂಚೆ ನಾನು ತಡೆಯಲಾರದೆ ಮುಂದಿನ ಕಥೆಯನ್ನೆಲ್ಲ ಇಣುಕಿ ನೋಡಿ, ಮಗನನ್ನು ಕರೆದುಕೊಂಡು ಕಾಮಾಕುರಕ್ಕೆ ಹೊರಟೆ. ಯೊಕೊಹಾಮಾದಿಂದ ರೈಲಲ್ಲಿ ಸುಮಾರು ಅರ್ಧ ಗಂಟೆ. ಮಗನಿಗೆ ಎಂಟು ವರ್ಷ, ನಮ್ಮ ಲೆಕ್ಕದಲ್ಲಿ ಯೊರಿತ್ಸುನೆ ಶೋಗನ್ ಆದ ವಯಸ್ಸು. ಹಾಗಂತ ಅವನಿಗೂ ಹೇಳಿದೆ. "ಅವನಿಗೆ ಹೋಂವರ್ಕ್ ಇರ್ತಿತ್ತಾ?" ಎಂದು ಕೇಳಿದ.

ಮೊದಲು ಅರಮನೆ ಹುಡುಕಿದೆವು. ಹಾಚಿಮಾನ್ ಗುಡಿಗೆ ಹೋಗುವ ದೊಡ್ಡ ರಸ್ತೆ ವಾಕಾಮಿಯಾ ಓಜಿಯ ಪೂರ್ವಕ್ಕೆ ಒಂದು ಗಲ್ಲಿ. ರಸ್ತೆಯಲ್ಲಿ ಕಾಲಿಡಲು ಜಾಗ ಇಲ್ಲ, ಗಲ್ಲಿಯಲ್ಲಿ ನಾವಿಬ್ಬರೇ. ಸಣ್ಣ ಉತ್ಸುನೊಮಿಯಾ ಇನಾರಿ ಗುಡಿ, ಪಕ್ಕದಲ್ಲಿ ಒಂದು ಕಲ್ಲು. ಸುಮಾರು ನೂರು ವರ್ಷದ ಹಿಂದೆ ಊರಿನ ಯುವಕರ ಸಂಘದವರು ಇಂಥ ಕಲ್ಲುಗಳನ್ನು ಊರ ತುಂಬಾ ನೆಟ್ಟಿದ್ದಾರೆ. ಇಲ್ಲಿ 1225ರಿಂದ 1236ರವರೆಗೆ ಶೋಗನ್‌ನ ಅರಮನೆ ಇತ್ತು. ಈಗ ಸುತ್ತಲೂ ಮನೆಗಳು, ಯಾರೋ ಹೊದಿಕೆ ಒಣಗಲು ಹಾಕಿದ್ದರು. ಆಮೇಲಿನ ಅರಮನೆಯ ಕಲ್ಲೂ ಹೀಗೇ, ಒಂದು ಗೋಡೆ ಬದಿಯಲ್ಲಿದೆ. ಮಗ ಎರಡನೇ ಕಲ್ಲಿಗೇ ಸುಸ್ತಾದ. ನೇರಳೆ ಗೆಣಸಿನ ಐಸ್‌ಕ್ರೀಂ ಕೊಡಿಸಿದ ಮೇಲೆ ಕಾಲು ಬಂತು.

ತಾಕೆ ನೊ ಗೋಶೊಳ ಸಮಾಧಿ ಮ್ಯೋಹೊನ್‌ಜಿ ಮಠದಲ್ಲಿದೆ. ಸೆಂಗಾಕು ಕೂತು ಕವಿತೆ ಓದಿದ್ದೂ ಆ ಕಣಿವೆಯಲ್ಲೇ, ಅದಕ್ಕೂ ಒಂದು ಕಲ್ಲು ನಿಲ್ಲಿಸಿದ್ದಾರೆ. ಮರಗಳ ನೆರಳು, ತೇವ, ಜನ ಕಡಿಮೆ. ಇಡೀ ಕಾಮಾಕುರದಲ್ಲಿ ನನಗೆ ಕೂತುಬಿಡೋಣ ಅನ್ನಿಸಿದ ಜಾಗ ಅದು.

ಅಲ್ಲಿಂದ ಬಸ್ಸಿನಲ್ಲಿ ಮ್ಯೋಓಇನ್‌ಗೆ. ಅವತ್ತು 28, ಬೇಕೆಂದೇ ಆ ದಿನ ಆರಿಸಿದ್ದೆ. ಪ್ರತಿ ತಿಂಗಳು 28ಕ್ಕೆ ಅಲ್ಲಿ ಗೋಮಾ ಮಾಡುತ್ತಾರೆ. ಗೋಮಾ ಅಂದರೆ ಹೋಮ, ಪದವೂ ಅದೇ, ಸಮುದ್ರ ದಾಟಿ ಬಂದು ಸ್ವಲ್ಪ ಸೊಟ್ಟಗಾಗಿದೆ. ಹುಲ್ಲಿನ ಚಾವಣಿಯ ಗುಡಿ. ಫೋಟೊ ತೆಗೆಯುವ ಹಾಗಿಲ್ಲ ಎಂದು ಬೋರ್ಡು. ಒಳಗೆ ಕತ್ತಲು, ನಡುವೆ ಬೆಂಕಿ, ಹಿಂದೆ ಕತ್ತಿ ಹಿಡಿದ ಫುದೋ, ನಮ್ಮ ಕಡೆಯ ಹೆಸರು ಅಚಲ. ಭಿಕ್ಷು ಮಂತ್ರ ಶುರು ಮಾಡಿದರು: "ನೋಮಾಕು ಸಾಮ್ಮಾಂದಾ ಬಾಜಾರಾದಾನ್..." ಮೂರನೇ ಸಲಕ್ಕೆ ನನ್ನ ಕಿವಿಗೆ ಬಿತ್ತು. ನಮಃ ಸಮಂತ ವಜ್ರಾಣಾಂ. ಡ್ರಮ್ಮಿನ ಸದ್ದಿಗೆ ಮಗ ನನ್ನ ತೋಳು ಹಿಡಿದುಕೊಂಡ. ಹದಿನೆಂಟರ ಹುಡುಗ, ವರ್ಷದ ಹಿಂದೆ ಹೆಂಡತಿ ಮಗು ಇಬ್ಬರನ್ನೂ ಕಳೆದುಕೊಂಡವನು, ಈ ಬೆಂಕಿ ಇಲ್ಲಿ ಉರಿಯಲಿ ಅಂದ. ಇನ್ನೂ ಉರಿಯುತ್ತಿದೆ. ಹೋಜೋಗಳ ಮನೆ ಇದ್ದ ಕಡೆ ಇವತ್ತು ಅವರ ಮನೆ ಇಲ್ಲ.

ವಾಪಸು ಬರುವಾಗ ಯೊರಿತೊಮೊನ ಸಮಾಧಿಯ ಗುಡ್ಡದ ಹತ್ತಿರ ಇಳಿದೆವು. ಪಕ್ಕದ ಮೆಟ್ಟಿಲ ಬದಿಯಲ್ಲಿ ಬಂಡೆ ಕೊರೆದ ಒಂದು ಸಣ್ಣ ಗವಿ. ಮಿಉರಾ ಮನೆತನದವರ ಸಮಾಧಿ. ಯೊರಿತ್ಸುನೆಯ ಬಳಗದಲ್ಲಿ ಎಲ್ಲರಿಗಿಂತ ಹತ್ತಿರದವನು ಮಿಉರಾ ಮಿತ್ಸುಮುರಾ. 1247ರಲ್ಲಿ ಹೋಜೋಗಳು ಮಿಉರಾಗಳ ಮೇಲೆ ಬಿದ್ದರು. ಸೋತವರು ಯೊರಿತೊಮೊನ ಸಮಾಧಿ ಮಂದಿರಕ್ಕೆ ಬಂದು, ಅವನ ಚಿತ್ರದ ಎದುರು ಸುಮಾರು 500 ಜನ ಪ್ರಾಣ ಕೊಟ್ಟರು. ಮಿತ್ಸುಮುರಾ ಗುರುತು ಸಿಗಬಾರದೆಂದು ತನ್ನ ಮುಖವನ್ನು ತಾನೇ ಕತ್ತಿಯಿಂದ ಕೆತ್ತಿಕೊಂಡು, "ಇನ್ನೂ ನಾನೆಂದು ಗೊತ್ತಾಗುತ್ತದಾ?" ಎಂದು ಕೇಳಿದನಂತೆ. ಮಗನಿಗೆ ಇದನ್ನು ಹೇಳಲಿಲ್ಲ.

ಯೊರಿತ್ಸುನೆ ಮತ್ತೆ ಕಾಮಾಕುರ ನೋಡಲಿಲ್ಲ. 1252ರಲ್ಲಿ ಮಗ ಯೊರಿತ್ಸುಗುವನ್ನೂ ಇಳಿಸಿ ಅಪ್ಪನ ಹಿಂದೆಯೇ ಕಳಿಸಿದರು, ಅವನಿಗೆ 14. ಕಾಮಾಕುರದ ಕಂಚಿನ ಬುದ್ಧನನ್ನು ಎರಕ ಹೊಯ್ಯಲು ಶುರು ಮಾಡಿದ್ದು ಅದೇ ವರ್ಷ. 1256ರಲ್ಲಿ ಭೇದಿಯಾಗಿ ಅಪ್ಪ ಸತ್ತ, 39 ವರ್ಷ. ಮುಂದಿನ ತಿಂಗಳು ಮಗನೂ ಸತ್ತ, 18. ಅವರ ಜಾಗಕ್ಕೆ ಕೊನೆಗೂ ಒಬ್ಬ ರಾಜಕುಮಾರ ಸಿಕ್ಕಿದ್ದ, ಮುನೆತಾಕಾ. ಅವನನ್ನು 25ಕ್ಕೆ ವಾಪಸು ಅಟ್ಟಿ ಮೂರು ವರ್ಷದ ಮಗನನ್ನು ಕೂರಿಸಿದರು. ಆ ಮಗ ಕೊರೆಯಾಸುವನ್ನೂ 26ಕ್ಕೆ ಅಟ್ಟಿದರು. ಅದನ್ನು ಕ್ಯೋಟೊದಿಂದ ಬಂದಿದ್ದ ಒಬ್ಬ ಸನ್ಯಾಸಿನಿ ಕಣ್ಣಾರೆ ಕಂಡು ಬರೆದಿದ್ದಾಳೆ. ಪಲ್ಲಕ್ಕಿಯನ್ನು ಹಿಂದುಮುಂದಾಗಿ ಹೊತ್ತರಂತೆ, ಅಪರಾಧಿಯನ್ನು ಒಯ್ಯುವ ಹಾಗೆ. ಅವನು ಇನ್ನೂ ಹೊರಡುವ ಮೊದಲೇ ಕೀಳು ಆಳುಗಳು ಚಪ್ಪಲಿ ಕಾಲಲ್ಲೇ ಒಳಗೆ ಹತ್ತಿ ಪರದೆ ಕಿತ್ತರಂತೆ.

ಇಷ್ಟು ಹೊತ್ತಿಗೆ ಹೊರುವವರ ಮನೆಯಲ್ಲೂ ಇದೇ ಕಥೆ. ಕ್ಯೋಟೊದಲ್ಲಿ ಚಕ್ರವರ್ತಿ ಹೆಸರಿಗೆ, ಆಳುವವನು ನಿವೃತ್ತ ಚಕ್ರವರ್ತಿ. ಕಾಮಾಕುರದಲ್ಲಿ ಶೋಗನ್ ಹೆಸರಿಗೆ, ಆಳುವವನು ರೀಜೆಂಟ್. ಆಮೇಲೆ ರೀಜೆಂಟೂ ಹೆಸರಿಗೆ, ಆಳುವವನು ಹೋಜೋ ಮನೆತನದ ಹಿರಿಯ. ಕೊನೆಕೊನೆಗೆ ಆ ಹಿರಿಯನೂ ಹೆಸರಿಗೆ, ನಡೆಸುವವನು ಮನೆಯ ಪಾರುಪತ್ತೇಗಾರ. ಈರುಳ್ಳಿ ಸುಲಿದ ಹಾಗೆ. 1333ರಲ್ಲಿ ಇಡೀ ಕಾಮಾಕುರ ಸುಟ್ಟುಹೋಗುವ ತನಕ ಹೀಗೇ ನಡೆಯಿತು.

ಇದೆಲ್ಲ ಗೊತ್ತಿದ್ದೂ, 1246ರ ಎಂಟನೇ ತಿಂಗಳ 12ರ ಪುಟ ನನ್ನ ಪಾಲಿಗೆ ಬಂದ ಗುರುವಾರ ನನ್ನ ಧ್ವನಿ ಸರಿ ಇರಲಿಲ್ಲ. ಯೊರಿತ್ಸುನೆಯನ್ನು ಕ್ಯೋಟೊಗೆ ಬಿಟ್ಟುಬಂದವರು ವಾಪಸು ಬಂದು ವರದಿ ಒಪ್ಪಿಸುತ್ತಿದ್ದಾರೆ. ಎಲ್ಲರೂ ಹೊರಟರು, ಮಿತ್ಸುಮುರಾ ಒಬ್ಬ ಹೊರಡಲಿಲ್ಲ. ಒಡೆಯನ ಪರದೆಯ ಪಕ್ಕದಲ್ಲೇ ತುಂಬಾ ಹೊತ್ತು ಕೂತಿದ್ದ. ಒಂದೇ ಸಮ ಅಳುತ್ತಿದ್ದ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಪಕ್ಕದಲ್ಲಿದ್ದವನು, ಆ ನೆನಪೇ ಇರಬೇಕು ಎನ್ನುತ್ತಾನೆ ಬರೆದವನು. ಹೋಜೋ ಕಡೆಯವನೇ, ಆದರೂ ಅಷ್ಟು ಬರೆದಿದ್ದಾನೆ. ಆಮೇಲೆ ಮಿತ್ಸುಮುರಾ ಹೊರಗೆ ಬಂದು ಜೊತೆಯವರಿಗೆ ಹೇಳಿದ ಒಂದು ಮಾತು. ಜಪಾನೀಯಲ್ಲಿ ಓದಿ ಮುಗಿಸಿದೆ. ನಿನ್ನ ಭಾಷೆಯಲ್ಲೂ ಹೇಳು ಎಂದರು ಪಕ್ಕದ ಅಜ್ಜಿ, ಅದು ಈಗ ನಮ್ಮ ಕೂಟದ ಪದ್ಧತಿ.

"ಹೇಗಾದರೂ ಮಾಡಿ ಇನ್ನೊಂದು ಸಲ ಕಾಮಾಕುರದ ಒಳಗೆ ಕರಕೊಂಡು ಬರಬೇಕು, ಅಂದನಂತೆ."

ಎಲ್ಲರೂ ಟೀ ಕುಡಿದರು. ಮಗ ಶಾಲೆಯಿಂದ ಬರುವ ಹೊತ್ತಾಗಿತ್ತು, ನಾನು ಎದ್ದೆ. ಕೆಲವು ತಿಂಗಳ ನಂತರ 1247ರ ಪುಟಗಳು ಬಂದವು. ಪುಟ್ಟ ಶೋಗನ್ ಯೊರಿತ್ಸುಗುವಿಗೆ ಒಂಬತ್ತು ವರ್ಷ. ಅವನಿಗೂ ಮದುವೆ ಮಾಡಿದ್ದರು, ರೀಜೆಂಟನ ತಂಗಿಯ ಜೊತೆ, ಅವಳಿಗೆ 18. ಅವಳು ಕಾಯಿಲೆ ಬಿದ್ದಿದ್ದಾಳೆ, ಇನ್ನು ಬದುಕುವುದಿಲ್ಲ. ಆ ಸಾಲು ಮತ್ತೆ ನನ್ನ ಸರದಿಗೇ ಬಂತು. ಗೋಫುರೇ. ಈ ಸಲ ಸರಿಯಾಗಿಯೇ ಅರ್ಥ ಹೇಳಿದೆ.